ಕುಳಿತವರು: ಎಡದಿಂದ ಬಲಕ್ಕೆ

ಅಡಿಕೆ ಮಂಡಿಯಲ್ಲಿ ಜೀವಮಾನವಿಡೀ ಲೆಕ್ಕ ಬರೆದವನು ನಿವೃತ್ತನಾದ ಮೇಲೆ ಇತಿಹಾಸಕಾರನಾಗುವುದಕ್ಕೆ ಕಾನೂನಿನಲ್ಲಿ ಯಾವ ಅಡ್ಡಿಯೂ ಇಲ್ಲ. ಅಡ್ಡಿ ಇರುವುದು ಮನೆಯಲ್ಲಿ. ಸಾಗರ ತಾಲ್ಲೂಕಿನ ನಮ್ಮೂರ ಶಾಲೆಯ ಅಮೃತ ಮಹೋತ್ಸವದ ಸಭೆಯಲ್ಲಿ ಯಾರೋ ಒಬ್ಬರು "ಊರಿನ ಹಳೇ ಫೋಟೋಗಳದ್ದೊಂದು ಪ್ರದರ್ಶನ ಇಟ್ಟರೆ ಹೇಗೆ?" ಅಂದರು. ಇಂಥ ಸಭೆಗಳಲ್ಲಿ ಸಲಹೆ ಕೊಟ್ಟವರು ತಕ್ಷಣ ಕವಳ ಉಗಿಯಲು ಹೊರಗೆ ಹೋಗುವುದು ವಾಡಿಕೆ. ಉಳಿದವರೆಲ್ಲ ನೆಲ ನೋಡುತ್ತ ಕೂತರು. ನಾನೊಬ್ಬನೇ ತಲೆ ಎತ್ತಿದ್ದು, ಅದೂ ಫ್ಯಾನು ಯಾಕೆ ತಿರುಗುತ್ತಿಲ್ಲ ಎಂದು ನೋಡಲು. ಅಧ್ಯಕ್ಷರು "ಸರಿ ಹಾಗಾದರೆ, ನೀವೇ ಸಂಚಾಲಕರು" ಎಂದು ಬರೆಸಿಯೇಬಿಟ್ಟರು.

ಮನೆಗೆ ಬಂದು ಸುದ್ದಿ ಹೇಳಿದೆ. ನನ್ನಾಕೆ ಹಲಸಿನ ಹಪ್ಪಳ ಒಣಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ನಮ್ಮನೆ ಅಟ್ಟದ ಮೇಲಿನ ಸಾಮಾನು ಇಳಿಸಿ ಕೊಡಿ ಅಂತ ಮದುವೆಯಾದಾಗಿನಿಂದ ಹೇಳ್ತಿದ್ದೀನಿ. ಈಗ ಊರಿನ ಅಟ್ಟ ಎಲ್ಲ ಇಳಿಸ್ತೀರಾ?"

ಅವಳಿಗೆ ಈ ಕೆಲಸದ ಘನತೆ ತಿಳಿಯಲಿ ಎಂದು ಅಲ್ಲೇ ಜಗಲಿಯಲ್ಲಿ ಕೂತು ಹೇಳತೊಡಗಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಕಂಪನಿ ಸೈನ್ಯದ ಅಧಿಕಾರಿ ಹಂಪಿಗೆ ಹೋಗಿ, ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಅಲ್ಲಿನ ಗುಡಿಗೋಪುರಗಳನ್ನೆಲ್ಲ ಹಿಡಿದ. ನೂರು ವರ್ಷಕ್ಕೂ ಹೆಚ್ಚು ಕಾಲ ಅವು ಯಾರ ಗಮನಕ್ಕೂ ಬರದೆ ಬಿದ್ದಿದ್ದವು. ಅವು ಸಿಕ್ಕಿದ ಮೇಲೆ 1983ರಲ್ಲಿ ಜಾನ್ ಗೊಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕರು ಆತ ಕ್ಯಾಮೆರಾ ಇಟ್ಟ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ಫೋಟೋ ತೆಗೆದರು. ಏನು ಉಳಿದಿದೆ, ಏನು ಬಿದ್ದಿದೆ ಎಂಬುದು ಎರಡನ್ನೂ ಅಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ.

ಅವಳು ಪೂರ್ತಿ ಕೇಳಿದಳು. "ಆ ಸಾಹೇಬ ಬಿಸಿಲಲ್ಲಿ ಫೋಟೋ ತೆಗೀತಿದ್ದಾಗ ಅವನಿಗೆ ಅಡುಗೆ ಯಾರು ಮಾಡ್ತಿದ್ರು?"

"ಅದು ದಾಖಲಾಗಿಲ್ಲ."

"ಗೊತ್ತಿತ್ತು ಬಿಡಿ" ಎಂದು ಹಪ್ಪಳ ತಿರುವಿಹಾಕಿದಳು.

ಹಳೇ ಫೋಟೋ ಕೇಳಿಕೊಂಡು ಮನೆ ಮನೆ ತಿರುಗಿದವನಿಗೆ ಜನ ಒಡವೆ ಬೇಕಾದರೂ ಕೊಟ್ಟಾರು, ಫೋಟೋ ಕೊಡಲಾರರು ಎನ್ನುವುದು ಬೇಗ ತಿಳಿಯುತ್ತದೆ. ಗಿರಣಿ ಮನೆಯವರು ಕೊಟ್ಟರು, ಆದರೆ ಅದರಲ್ಲಿದ್ದ ಚಿಕ್ಕಪ್ಪನ ಮುಖಕ್ಕೆ ಕಾಗದ ಅಂಟಿಸಿ ಕೊಟ್ಟರು. ಪಾಲಿನ ಕೇಸು ಇನ್ನೂ ಕೋರ್ಟಿನಲ್ಲಿದೆ. ಇನ್ನೊಂದು ಮನೆಯಲ್ಲಿ ಅಜ್ಜನ ಫೋಟೋ ಇಳಿಸುವ ಮೊದಲು ಮಂಗಳಾರತಿ ಎತ್ತಿದರು, ನನ್ನ ಕೈಲಿ ತಟ್ಟೆಗೆ ದಕ್ಷಿಣೆ ಹಾಕಿಸಿದರು. ಕೆಳಕೇರಿಯ ದೊಡ್ಡ ಮನೆಯಲ್ಲಿ ಕಾಫಿ ಕೊಟ್ಟರು, ಉಪ್ಪಿಟ್ಟು ಕೊಟ್ಟರು, ಫೋಟೋ ಮಾತ್ರ "ಬೆಂಗಳೂರಿನ ಮಗನ ಹತ್ತಿರ ಇದೆ" ಅಂದರು. ಅದು ಅವರ ಬೆನ್ನ ಹಿಂದಿನ ಗೋಡೆಯಲ್ಲೇ ಇತ್ತು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವರು ನೋಡಿದರು. ಇನ್ನೊಂದು ಲೋಟ ಕಾಫಿ ಬಂತು.

ನಮ್ಮ ಕಡೆಯ ಹಳೇ ಮನೆಗಳಲ್ಲಿ ಫೋಟೋ ತೂಗುಹಾಕುವುದಕ್ಕೊಂದು ಕ್ರಮವಿತ್ತು. ತೊಲೆಯ ಕೆಳಗೆ, ಕೈಗೆಟುಕದ ಎತ್ತರದಲ್ಲಿ, ತಲೆ ಮುಂದಕ್ಕೆ ಬಾಗುವಂತೆ. ಹಿರಿಯರು ಅಲ್ಲಿಂದ ಕೆಳಗೆ ಊಟ ಮಾಡುವವರನ್ನು ಗದರಿಸುವ ಭಂಗಿಯಲ್ಲಿರುತ್ತಿದ್ದರು. ಬಾಗಿದ ಚೌಕಟ್ಟಿನ ಬೆನ್ನಿಗೆ ಗುಬ್ಬಚ್ಚಿ ಗೂಡು. ಹೀಗಾಗಿ ನಾನು ಇಳಿಸಿದ ಪ್ರತಿಯೊಬ್ಬ ಹಿರಿಯರ ಹಿಂದಿನಿಂದಲೂ ಹುಲ್ಲು, ಪುಕ್ಕ, ಒಂದಿಷ್ಟು ತೆಂಗಿನ ನಾರು ನನ್ನ ತಲೆ ಮೇಲೆ ಬೀಳುತ್ತಿತ್ತು. ಮೇಲಿಂದ ಒಲೆಯ ಹೊಗೆ, ನಾಲ್ಕು ತಿಂಗಳ ಮಳೆಯ ಥಂಡಿ. ಪ್ರಿಂಟು ಹಾಕಿದವನು ಹೈಪೋ ಎಂಬ ರಾಸಾಯನಿಕವನ್ನು ಸರಿಯಾಗಿ ತೊಳೆಯದಿದ್ದರೆ ಕಾಗದ ಹಳದಿಗಟ್ಟುತ್ತದೆ. ತೇವಕ್ಕೆ ಚಿತ್ರದೊಳಗಿನ ಬೆಳ್ಳಿ ಮೇಲಕ್ಕೆ ಬಂದು, ಕಪ್ಪು ಇರುವ ಕಡೆಯೆಲ್ಲ ನೀಲಿ ಹೊಳಪು ಏಳುತ್ತದೆ. ಗಾಜಿಗೇ ಅಂಟಿಕೊಂಡಿದ್ದನ್ನು ಕಿತ್ತರೆ ಮುಖ ಗಾಜಿನಲ್ಲಿ ಉಳಿದು, ಟೋಪಿ ಮಾತ್ರ ಕೈಗೆ ಬರುತ್ತದೆ. ಇದನ್ನೆಲ್ಲ ನಾನು ಓದಿ ತಿಳಿದುಕೊಂಡೆ ಎಂದು ಹೇಳಿಕೊಳ್ಳಬೇಕೆಂದಿದ್ದೆ. ಟೋಪಿಯ ವಿಷಯ ಓದಿದ್ದಲ್ಲ.

ಸಿಕ್ಕಿದ ಫೋಟೋಗಳಲ್ಲಿ ಒಂದು ದೊಡ್ಡ ಪಾಲು ಸತ್ತವರದ್ದು. ಗೋಡೆಗೆ ಹೋದ ಮೇಲೆ ಎಲ್ಲರೂ ಸತ್ತವರೇ ಅನ್ನಿ. ಇವು ಹಾಗಲ್ಲ, ಸತ್ತ ಮೇಲೆಯೇ ತೆಗೆಸಿದವು. ಕುರ್ಚಿಗೆ ಕಟ್ಟಿ ಕೂರಿಸಿ, ಹಾರ ಹಾಕಿ, ಸುತ್ತ ಮಕ್ಕಳು ಮೊಮ್ಮಕ್ಕಳು ನಿಂತು ತೆಗೆಸಿದ್ದು. ಫೋಟೋ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ್ದ ಕಾಲದಲ್ಲಿ, ಆ ಭಯ ಮುಗಿದ ಮೇಲೆ ತೆಗೆಸುವುದೇ ಕ್ಷೇಮವಾಗಿತ್ತು. ಎಷ್ಟೋ ಅಜ್ಜ ಅಜ್ಜಿಯರಿಗೆ ಇದ್ದದ್ದು ಅದೊಂದೇ ಚಿತ್ರ. ಅದರಲ್ಲಿ ಸ್ವಲ್ಪವೂ ಅಲುಗಾಡದೆ ಸ್ಪಷ್ಟವಾಗಿ ಬಿದ್ದಿರುವುದು ಅವರೊಬ್ಬರೇ ಎಂಬುದನ್ನು ನಾನು ಮೆಚ್ಚಿ ಹೇಳಿದೆ. "ಅವರನ್ನ ಊಟದ ಮೇಜಿನಿಂದ ಎತ್ತಿ" ಅಂದಳು ನನ್ನಾಕೆ.

ಊಟದ ಮೇಜು ಆಗಲೇ ಇತಿಹಾಸದ ವಶವಾಗಿತ್ತು. ಊಟಕ್ಕೆಲ್ಲಿ ಕೂರುವುದು ಎಂದು ಕೇಳಿದರೆ "ನೆಲದ ಮೇಲೆ, ಆರೋಗ್ಯಕ್ಕೂ ಒಳ್ಳೆಯದು" ಅಂದೆ. ನನ್ನ ಮಂಡಿ ನೋವಿನ ಸಲುವಾಗಿಯೇ ಆ ಮೇಜು ಕೊಂಡಿದ್ದೆವು. ಹೀಗಾಗಿ ಅತ್ತೆ, ನನ್ನಾಕೆ ನೆಲದ ಮೇಲೆ ಕೂತರೆ ನಾನು ನಿಂತೇ ಉಣ್ಣುತ್ತಿದ್ದೆ. ಹಳೇ ಫೋಟೋಗಳನ್ನು ಬರಿಗೈಲಿ ಮುಟ್ಟಬಾರದು, ಬೆವರಿನ ಗುರುತು ಉಳಿಯುತ್ತದೆ ಎಂದು ಎಲ್ಲೋ ಓದಿ ಔಷಧಿ ಅಂಗಡಿಯಿಂದ ಕೈಗವಸಿನ ಪೆಟ್ಟಿಗೆ ತಂದೆ. ಅಂಗಡಿಯವನು ಊರಿಗೆಲ್ಲ ಹೇಳಿದ. ಸಂಜೆ ಹೊತ್ತಿಗೆ ಪಕ್ಕದ ಮನೆಯವರು ಎಳನೀರು ಹಿಡಿದುಕೊಂಡು, ಮುಖ ಸಣ್ಣಗೆ ಮಾಡಿಕೊಂಡು ಬಂದರು. "ಅತ್ತೆಯವರಿಗೆ ಹೇಗಿದೆ?" ಎಂಬತ್ತು ದಾಟಿದ ನಮ್ಮ ಅತ್ತೆ ಒಳಗಿನಿಂದಲೇ "ಸುಮಾರಾಗಿದೆ" ಎಂದು ಎಳನೀರು ತರಿಸಿಕೊಂಡು ಕುಡಿದರು. ಮರುದಿನ ಮೂಸಂಬಿ ಬಂತು. ಕೈಗವಸಿನ ವಿಷಯ ಯಾರಿಗೂ ವಿವರಿಸಕೂಡದು ಎಂದು ಅತ್ತೆಯವರ ಆಜ್ಞೆಯಾಯಿತು.

ತೇವ ಹಿಡಿದ ಒಂದಷ್ಟು ಪ್ರಿಂಟುಗಳನ್ನು ಒಣಗಿಸುವುದು ಹೇಗೆ ಎಂಬ ಪ್ರಶ್ನೆ ಬಂದಾಗ ನನಗೆ ಹೊಳೆದದ್ದು ಅಕ್ಕಿ. ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿಯಲ್ಲಿಡುವುದನ್ನು ಮಗಳು ಹೇಳಿಕೊಟ್ಟಿದ್ದಳು. ಕಾಗದದಲ್ಲಿ ಸುತ್ತಿ ಅಕ್ಕಿ ಡ್ರಮ್ಮಿನ ತಳಕ್ಕೆ ಇಳಿಸಿದೆ. ಎರಡು ದಿನ ಬಿಟ್ಟು ಪಾವಿನ ಜೊತೆ ಒಬ್ಬ ಪೇಟಾಧಾರಿ ಗೌಡರು ಮೇಲೆ ಬಂದರು. ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಯಾರೂ ಯಾರ ಜೊತೆಯೂ ಮಾತಾಡಲಿಲ್ಲ. ಅನ್ನಕ್ಕೆ ಅಟ್ಟದ ವಾಸನೆ ಇತ್ತೆಂದು ನಾನಂತೂ ಒಪ್ಪುವುದಿಲ್ಲ.

ಮಗಳು ಬೆಂಗಳೂರಿನಲ್ಲಿದ್ದಾಳೆ. "ಅಪ್ಪಾ, ಅದನ್ನೆಲ್ಲ ಫೋನಲ್ಲಿ ತೆಗೆದು ಕಳಿಸು, ಆ್ಯಪ್‌ನಲ್ಲಿ ಕ್ಲಿಯರ್ ಮಾಡಿ ಕಲರ್ ಹಾಕ್ತೀನಿ" ಅಂದಳು. ಅತ್ತೆಯವರ ಅಮ್ಮನ ಫೋಟೋ ಕಳಿಸಿದೆ. ಕವಳ ಹಾಕಿ ಹಾಕಿ ಹಲ್ಲು ಕಪ್ಪಾಗಿದ್ದ, ಹಲ್ಲು ಕಾಣದ ಹಾಗೆ ತುಟಿ ಬಿಗಿದು ಕೂತಿದ್ದ ಮುದುಕಿ. ಆ್ಯಪ್ ಅವರ ಬಾಯಿ ಬಿಡಿಸಿ ಎರಡು ಸಾಲು ಬಿಳಿ ಹಲ್ಲು ಕೂರಿಸಿತು, ಸೀರೆಗೆ ಗುಲಾಬಿ ಬಣ್ಣ ಬಳಿಯಿತು, ಸುಕ್ಕನ್ನೆಲ್ಲ ಇಸ್ತ್ರಿ ಮಾಡಿತು. ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು.

"ಚೆನ್ನಾಗಿದ್ದಾಳೆ. ಯಾರ ಮನೆಯವಳು?"

ಇಷ್ಟೆಲ್ಲ ಆದರೂ ನನ್ನ ಸಂಶೋಧನೆ ನಿಲ್ಲಲಿಲ್ಲ. ಭೂತಗನ್ನಡಿ ಹಿಡಿದು ಒಂದೊಂದೇ ಫೋಟೋ ಪರಿಶೀಲಿಸಿ, ಪ್ರದರ್ಶನದ ಬಾಗಿಲಲ್ಲಿ ಹಾಕಲು ಒಂದು ಪ್ರಸ್ತಾವನೆ ಬರೆದೆ. ಅದರಲ್ಲಿ ನನಗೆ ಬಹಳ ಇಷ್ಟವಾದ ವಾಕ್ಯ ಇದು: "ಅಂದಿನ ನಮ್ಮೂರಿನ ಗಂಡಸರು ಉಡುಪಿನ ವಿಷಯದಲ್ಲಿ ಆಧುನಿಕರಾಗಿದ್ದು, ಗೇಣಿದಾರನಿಂದ ಒಡೆಯನವರೆಗೆ ಎಲ್ಲರೂ ಕೋಟು ಧರಿಸುತ್ತಿದ್ದರು." ಗಟ್ಟಿಯಾಗಿ ಓದಿ ಹೇಳಿದೆ. ನನ್ನಾಕೆ ಸೊಪ್ಪು ಬಿಡಿಸುವುದನ್ನು ಬಿಟ್ಟು ಬಂದು ಮೇಜಿನ ಮೇಲೆ ಬಗ್ಗಿದಳು.

"ಎರಡನೇ ಗುಂಡಿ ನೋಡಿ."

ನೋಡಿದೆ. ಎರಡನೇ ಗುಂಡಿ ಇರಲಿಲ್ಲ. ಪಕ್ಕದ ಫೋಟೋದಲ್ಲೂ ಇರಲಿಲ್ಲ. ಅದರಾಚೆಯ ದಪ್ಪ ಮನುಷ್ಯನಿಗೂ ಇಲ್ಲ, ಅವನಿಗೆ ಕೋಟು ಕೂಡುತ್ತಲೂ ಇರಲಿಲ್ಲ. ಎಲ್ಲರೂ ತೊಟ್ಟಿದ್ದು ಒಂದೇ ಕೋಟು. ಪೇಟೆಯ ಸ್ಟುಡಿಯೋದವನು ಬಾಗಿಲ ಹಿಂದೆ ಮೊಳೆಗೆ ಹಾಕಿಟ್ಟಿದ್ದ ಕೋಟು. ಆ ಕಾಲದ ಸ್ಟುಡಿಯೋ ಅಂದರೆ ಹಾಗೇ: ಒಂದು ಕೋಟು, ಒಂದು ಕನ್ನಡಿ, ಹಲ್ಲು ಮುರಿದ ಬಾಚಣಿಗೆ, ಪೌಡರ್ ಡಬ್ಬಿ, ಎಲ್ಲಿಗೂ ಸಂಪರ್ಕವಿಲ್ಲದ ಒಂದು ಟೆಲಿಫೋನು, ಹಾಡದ ರೇಡಿಯೋ, ಹಿಂದೆ ಪರದೆಯ ಮೇಲೆ ಬರೆದ ಮೆಟ್ಟಿಲು, ಕಂಬ, ಕೊಳದಲ್ಲಿ ಹಂಸ. ಗದ್ದೆಯಿಂದ ಬಂದವನು ಕೈಕಾಲು ತೊಳೆದು ಆ ಕೋಟು ತೊಟ್ಟು, ಆ ಟೆಲಿಫೋನಿನ ಮೇಲೆ ಕೈಯಿಟ್ಟು, ಆ ಅರಮನೆಯ ಮುಂದೆ ನಿಂತು ಉಸಿರು ಬಿಗಿಹಿಡಿಯುತ್ತಿದ್ದ. ಪಂಚೆಯ ಕೆಳಗಿನ ಬರಿಗಾಲು ಮಾತ್ರ ಅವನ ಸ್ವಂತದ್ದು.

"ಹಾಗೇ ಆ ಸರ ನೋಡಿ" ಅಂದಳು. ಬೇರೆ ಬೇರೆ ಮನೆಗಳ ಮದುವಣಗಿತ್ತಿಯರ ಕೊರಳಲ್ಲಿ ಒಂದೇ ಸರ. ನಡುವೆ ಒಂದು ಹವಳ ಬಿದ್ದುಹೋಗಿ ದಾರ ಕಾಣುತ್ತಿತ್ತು. ಯಾರದ್ದೆಂದು ಅವಳಿಗೆ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿತ್ತು. "ಅದು ಪಟೇಲರ ಹೆಂಡತಿದು. ಹೆಣ್ಣು ಮದುವೆ ಅಂದರೆ ಕೇಳದೆಯೇ ಕೊಡ್ತಿದ್ದಳು ಮಹಾತಾಯಿ. ಗಂಡನಿಗೆ ಗೊತ್ತಿರಲಿಲ್ಲ." ನಾನು ಭೂತಗನ್ನಡಿ ಹಿಡಿದು ವಾರಗಟ್ಟಲೆ ಕಾಣದ ಗ್ರಾಮ ಸಮಾಜವನ್ನು ಇಬ್ಬರು ಹೆಂಗಸರು ಸೊಪ್ಪು ಸೋಸುವ ಹೊತ್ತಿನಲ್ಲಿ ಕಂಡರು. ನಾನು ಪ್ರಸ್ತಾವನೆಯಲ್ಲಿ "ಕೋಟು" ಎಂಬುದನ್ನು ಹೊಡೆದುಹಾಕಿ "ಪಂಚೆ" ಎಂದು ತಿದ್ದಿದೆ.

ಆಮೇಲಿಂದ ಮಧ್ಯಾಹ್ನದ ಹೊತ್ತು ನಮ್ಮ ಮನೆಗೆ ಊರಿನ ಹಿರಿಯ ಹೆಂಗಸರು ಬರತೊಡಗಿದರು. ನೆಪ ಅರಿಶಿನ ಕುಂಕುಮದ್ದು, ಬರುತ್ತಿದ್ದದ್ದು ಫೋಟೋ ನೋಡಲು. ನಾನು ನೋಟ್‌ಬುಕ್ ಹಿಡಿದು ಕೂರುತ್ತಿದ್ದೆ. ಅವರ ಗುರುತಿನ ಕ್ರಮಕ್ಕೂ ಯಾವ ಪುರಾತತ್ವ ಇಲಾಖೆಯ ಕ್ರಮಕ್ಕೂ ಸಂಬಂಧವಿಲ್ಲ. "ಇವನು ಭುಜ ಓರೆ ಮಾಡಿ ನಿಂತಿದ್ದಾನಲ್ಲ, ಅವರ ಮನೆ ಗಂಡಸರೆಲ್ಲ ಹಾಗೇ." "ಈ ಸೀರೆ ಅಂಚು ನಮ್ಮ ದೊಡ್ಡಮ್ಮನ ಬಾಣಂತನಕ್ಕೆ ತಂದಿದ್ದು, ಅಂದರೆ ಆ ವರ್ಷದ ಜಾತ್ರೆ." ಸಾಗರದ ಮಾರಿಕಾಂಬಾ ಜಾತ್ರೆ ನಡೆಯುವುದು ಮೂರು ವರ್ಷಕ್ಕೊಮ್ಮೆ. ಅವರ ಪಂಚಾಂಗದಲ್ಲಿ ಇಸವಿಗಳಿರಲಿಲ್ಲ, ಜಾತ್ರೆಗಳೂ ಹೆರಿಗೆಗಳೂ ಇದ್ದವು. ಅವೆರಡನ್ನು ಕೂಡಿಸಿ ಕಳೆದರೆ ಇಸವಿ ಬರುತ್ತಿತ್ತು. ಮಂಡಿಯಲ್ಲಿ ಕಲಿತ ಲೆಕ್ಕ ನನಗೆ ಉಪಯೋಗಕ್ಕೆ ಬಂದದ್ದು ಅಲ್ಲೊಂದೇ.

ನನ್ನ ಪ್ರದರ್ಶನದ ಕಿರೀಟವಾಗಬೇಕಿದ್ದ ಫೋಟೋ ಒಂದಿತ್ತು. 1951ರ ಕಾಗೋಡು ಸತ್ಯಾಗ್ರಹ ನಮ್ಮ ತಾಲ್ಲೂಕಿನದೇ. ಕೊಳಗದ ಅಳತೆಯ ತಕರಾರಿನಿಂದ ಎದ್ದ ಗೇಣಿದಾರರ ಹೋರಾಟ. ರಾಮಮನೋಹರ ಲೋಹಿಯಾ ಬಂದರು, ಬಂಧನವಾದರು. ಶಾಂತವೇರಿ ಗೋಪಾಲಗೌಡರು ಅದರ ಮುಂಚೂಣಿಯಲ್ಲಿದ್ದರು. ಇಷ್ಟು ಪುಸ್ತಕಗಳಲ್ಲಿದೆ. ಪುಸ್ತಕಗಳಲ್ಲಿ ಇಲ್ಲದ್ದೆಂದರೆ, ಆ ದಿನ ನಮ್ಮೂರಿನ ಎಲ್ಲ ಅಜ್ಜಂದಿರೂ ಲೋಹಿಯಾರ ಪಕ್ಕದಲ್ಲೇ ನಿಂತಿದ್ದರು ಎಂಬುದು. ಕೆಲವರು ಆಗಿನ್ನೂ ಹುಟ್ಟಿರಲಿಲ್ಲ, ಆದರೂ ನಿಂತಿದ್ದರು. ನನಗೆ ಸಿಕ್ಕಿದ ಫೋಟೋದಲ್ಲಿ ಬಿಳಿ ಉಡುಪಿನ, ಗುಂಗುರು ಕೂದಲಿನ ಒಬ್ಬರು ಕಟ್ಟೆಯ ಮೇಲೆ ನಿಂತು ಕೈಯೆತ್ತಿ ಮಾತಾಡುತ್ತಿದ್ದಾರೆ, ಸುತ್ತ ಜನ, ಹತ್ತಿರದಲ್ಲೇ ನನ್ನ ಅಜ್ಜ. ಪತ್ರಿಕೆಗೆ ಕಳಿಸುವುದೆಂದು ಲಕೋಟೆಗೆ ವಿಳಾಸ ಬರೆದಾಗಿತ್ತು. ಅಂಟು ಹಚ್ಚುವ ಮೊದಲು ಅತ್ತೆಗೆ ತೋರಿಸಿದೆ.

"ಲೋಹಿಯಾ ಕನ್ನಡಕ ಹಾಕ್ತಿದ್ದರಲ್ಲ ಅಳಿಯಂದ್ರೇ?"

"ಭಾಷಣಕ್ಕೆ ತೆಗೆದಿಟ್ಟಿರಬಹುದು."

"ಇವನು ಹಲ್ಲುಪುಡಿ ಮಾರೋಕೆ ಬರ್ತಿದ್ದೋನು. ಕಟ್ಟೆ ಮೇಲೆ ನಿಂತು ಹಾಡು ಹೇಳೋನು. ನಿಮ್ಮಜ್ಜ ಅವನಿಂದ ಸಾಲಕ್ಕೆ ತಗೊಂಡು ಎರಡು ವರ್ಷ ಸತಾಯಿಸಿದ್ದರು. ನೋಡಿ, ಅವನು ಕೈಯೆತ್ತಿ ತೋರಿಸ್ತಿರೋದು ಅವರನ್ನೇ."

ನೋಡಿದೆ. ಬೆರಳು ಅಜ್ಜನ ಕಡೆಗೇ ಇತ್ತು. ಲಕೋಟೆಯನ್ನು ವಿದ್ಯುತ್ ಬಿಲ್ಲು ಇಡಲು ಬಳಸಿದ್ದೇನೆ.

ಅಜ್ಜನಾದರೂ ಸ್ಪಷ್ಟವಾಗಿ ಬಿದ್ದಿದ್ದಾರೆ. ನನ್ನ ಪಾಡು ಹೇಳಬಾರದು. ಏಳನೇ ತರಗತಿಯ ಗುಂಪು ಫೋಟೋದಲ್ಲಿ ಮುಂದೆ ಸ್ಲೇಟಿನ ಮೇಲೆ ಶಾಲೆಯ ಹೆಸರು, ಇಸವಿ, ನಡುವೆ ಕೈಕಟ್ಟಿ ಕೂತ ಹೆಡ್‌ಮಾಸ್ತರರು, ಹಿಂದೆ ಬೆಂಚಿನ ಮೇಲೆ ನಾವು. ಕರಿಬಟ್ಟೆಯೊಳಗೆ ತಲೆ ತೂರಿಸಿದ್ದ ಫೋಟೋಗ್ರಾಫರ್ ಹೊರಬಂದು "ಅಲ್ಲಾಡಬೇಡಿ" ಅಂದ ಕ್ಷಣದಲ್ಲೇ ನನ್ನ ಮೂಗಿನ ಮೇಲೆ ನೊಣ ಕೂತಿತು. ಹೀಗಾಗಿ ನಾನಿರಬೇಕಾದ ಕಡೆ ಅಂಗಿಯ ಮೇಲೊಂದು ಹೊಗೆಯಿದೆ. ಕೆಳಗಿನ ಪಟ್ಟಿಯಲ್ಲಿ ಅಚ್ಚುಕಟ್ಟಾಗಿ ನನ್ನ ಹೆಸರಿದೆ. ನನ್ನ ಮಗಳು ಅದನ್ನು ಆ್ಯಪ್‌ಗೆ ಹಾಕಿದಳು. ಆ್ಯಪ್ ನನ್ನನ್ನು ಹಿನ್ನೆಲೆ ಎಂದು ತಿಳಿದು ಅಲ್ಲೊಂದು ಗಿಡ ನೆಟ್ಟಿತು.

ಹೆಸರಿನ ವಿಷಯದಲ್ಲಿ ಮನೆಯಲ್ಲಿ ದೊಡ್ಡ ಜಟಾಪಟಿಯೇ ಆಯಿತು. ಹೇಳಿದ್ದನ್ನು ಆಗಲೇ ಫೋಟೋದ ಹಿಂದೆ ಬರೆದಿಡಿ ಎಂದು ನನ್ನಾಕೆಯ ವಾದ. ನೆನಪಿರುತ್ತದೆ, ಒಟ್ಟಿಗೆ ಬರೆಯುತ್ತೇನೆ ಎಂದು ನನ್ನದು. ನನ್ನ ಪರವಾಗಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರನ್ನು ಎಳೆದು ತಂದೆ. ಅವರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಇದ್ದು ಅಧ್ಯಯನ ಮಾಡಿದವರು. ಅವರ ಕ್ಯಾಮೆರಾ ಅಲ್ಲಿನವರ ಬಾಯಲ್ಲಿ ಚಾಮರವಾಗಿತ್ತು. ವರ್ಷಗಟ್ಟಲೆ ಕೂತು ಸಂಸ್ಕರಿಸಿಟ್ಟ ಟಿಪ್ಪಣಿಗಳೆಲ್ಲ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಸುಟ್ಟುಹೋದವು. ನೆನಪನ್ನೇ ನಂಬಿ ಅವರು ಬರೆದ ಪುಸ್ತಕ 1976ರಲ್ಲಿ ಬಂತು, ಇವತ್ತಿಗೂ ಜನ ಓದುತ್ತಾರೆ.

"ಅವರಿಗೆ ನೆನಪಿತ್ತು" ಅಂದಳು. "ನೀವು ಬೆಳಿಗ್ಗೆ ಯಾವ ಮಾತ್ರೆ ನುಂಗಿದ್ರಿ ಹೇಳಿ ನೋಡೋಣ."

ಪೆನ್ಸಿಲು ತಂದೆ. ಅದು ಮೆದು ಪೆನ್ಸಿಲೇ ಆಗಬೇಕು. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಮುಂದಿನವರ ಹಣೆಯ ಮೇಲೆ ಅಕ್ಷರ ಏಳುತ್ತದೆ.

ಪಟ್ಟಿ ಮಾಡಲು ಕೂತಾಗ ಇನ್ನೊಂದು ವಿಷಯ ಬಯಲಿಗೆ ಬಂತು. ಗಂಡಸರಿಗೆಲ್ಲ ಹೆಸರಿದೆ, ಇನಿಷಿಯಲ್ ಇದೆ, ಹುದ್ದೆ ಇದೆ. ಹೆಂಗಸರು ಇರುವ ಕೆಲವೇ ಫೋಟೋಗಳ ಹಿಂದೆ "ಮತ್ತು ಅವರ ಧರ್ಮಪತ್ನಿ", "ಮನೆಯವರು", ಒಂದರಲ್ಲಿ "ಇತರರು" ಎಂದಷ್ಟೇ ಇದೆ. ಇದು ನಮ್ಮೂರಿನ ರೋಗ ಮಾತ್ರವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಕರಾವಳಿಯ ಮಗ್ಗ, ಹಂಚಿನ ಕಾರ್ಖಾನೆ, ಶಾಲೆ, ಬೀದಿ ಎಲ್ಲವನ್ನೂ ಕ್ಯಾಮೆರಾದಲ್ಲಿ ಹಿಡಿದು ಸ್ವಿಟ್ಜರ್ಲೆಂಡಿನ ತಮ್ಮ ದಾಖಲೆ ಕೋಣೆಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಅಲ್ಲೂ ಪಾದ್ರಿಗೆ ಹೆಸರಿರುತ್ತದೆ, ಹಂಚು ಹೊತ್ತವಳಿಗೆ ಬಹಳ ಸಲ ಇರುವುದಿಲ್ಲ.

ಅಡುಗೆಮನೆ, ಬಾವಿಕಟ್ಟೆ, ಬಚ್ಚಲು, ಅಡಿಕೆ ಸುಲಿಯುವ ಚಪ್ಪರದ ಒಂದಾದರೂ ಫೋಟೋ ಸಿಗಬಹುದೆಂದು ಹುಡುಕಿದೆ. ಇಲ್ಲ. ಕಾರಣ ಸರಳವಾಗಿದೆ. ಆಗ ಊರಲ್ಲಿ ಉಳ್ಳವರ ಬಳಿ ಇದ್ದದ್ದು ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ. ಒಂದು ರೋಲಿಗೆ ಹನ್ನೆರಡು ಫೋಟೋ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಇಂದು ಫಿಲ್ಮು ಬಂದ ಮೇಲೂ ಹನ್ನೆರಡು ಹನ್ನೆರಡೇ. ಮಂತ್ರಿ ಬಂದದ್ದು, ಹೊಸ ಬಸ್ಸು ಬಂದದ್ದು, ಬೀಳ್ಕೊಡುಗೆಯ ಹಾರ ಇವುಗಳಿಗೇ ಸಾಲದಿರುವಾಗ ಒಂದನ್ನು ಹಿತ್ತಲಿನ ಬಾವಿಗೆ ಖರ್ಚು ಮಾಡುವ ಗಂಡಸು ಹುಟ್ಟಿರಲಿಲ್ಲ. ಈಗ ನನ್ನ ಫೋನಿನಲ್ಲಿ ಸಾವಿರಾರು ಚಿತ್ರಗಳಿವೆ. ಅದರಲ್ಲಿ ನನ್ನಾಕೆ ಎಷ್ಟಿದ್ದಾಳೆ ಎಂದು ಅವಳೇ ಒಂದು ಸಲ ಹುಡುಕಿದಳು. ಗ್ಯಾಸ್ ಸಿಲಿಂಡರಿನ ನಂಬರ್ ತೆಗೆದ ಫೋಟೋದಲ್ಲಿ ಅವಳ ಕೈ ಬಂದಿದೆ.

ಅತ್ತೆಯವರ ಟ್ರಂಕಿನಲ್ಲಿ ಒಂದು ಫೋಟೋ ಇತ್ತು. ಮೊದಲ ದಿನವೇ ಕೊಟ್ಟಿದ್ದರು. ನಾನು ಅದನ್ನು "ಇತರೆ: ಮನೆ, ಮರ, ಜಾನುವಾರು" ಎಂಬ ಕಡತಕ್ಕೆ ಹಾಕಿದ್ದೆ. ಅದು ಅವರ ತವರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತು. ಶರಾವತಿ ಕಣಿವೆಯ ಎಷ್ಟೋ ಊರು ನೀರಿನಡಿಗೆ ಹೋದವು. ಅದಕ್ಕೂ ಮೊದಲೇ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಕೂಡ ಮುಳುಗಿತು. ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದರೆ ಈಗಲೂ ಅದು ತಲೆ ಎತ್ತುತ್ತದೆ, ಜನ ನೋಡಲು ಹೋಗುತ್ತಾರೆ. ಊರು ಬಿಡುವ ಮುನ್ನ ಅತ್ತೆಯವರ ಅಪ್ಪ ಪೇಟೆಯಿಂದ ಫೋಟೋಗ್ರಾಫರನನ್ನು ಗಾಡಿ ಕಟ್ಟಿ ಕರೆಸಿದ್ದರಂತೆ. ಮನುಷ್ಯರ ಫೋಟೋ ಬೇಡ, ಮನೆಯದ್ದು ತೆಗಿ, ಮನುಷ್ಯರು ಜೊತೆಗೆ ಬರುತ್ತಾರೆ, ಮನೆ ಬರುವುದಿಲ್ಲ ಅಂದರಂತೆ. ಆ ಮನುಷ್ಯ ಬರೀ ಮನೆಯ ಫೋಟೋ ತೆಗೆದು ಅಭ್ಯಾಸವಿಲ್ಲದವನು. ಯಾರಾದರೂ ಒಬ್ಬರು ನಿಲ್ಲಲೇಬೇಕೆಂದು ಹಟ ಹಿಡಿದ. ಕೊನೆಗೆ ಹಸುವನ್ನು ನಿಲ್ಲಿಸಿದರು. ಮರದ ನೆರಳು, ಬೆಳಕು ಕಡಿಮೆ, ಕ್ಯಾಮೆರಾದ ಕಣ್ಣು ತೆರೆದಿರಬೇಕಾದ ಹೊತ್ತು ಹೆಚ್ಚು. ಹಸು ತಿರುಗಿ ನೋಡಿತು. ಹೀಗಾಗಿ ಚಿತ್ರದಲ್ಲಿ ಹಸುವಿಗೆ ಎರಡು ತಲೆ, ಒಂದು ಮನೆಯ ಕಡೆಗೆ, ಇನ್ನೊಂದು ದಾರಿಯ ಕಡೆಗೆ.

"ಇದೇನತ್ತೆ, ಹೆಸರು ಬರೆಯೋಣವೆಂದರೆ ಇದರಲ್ಲಿ ಯಾರೂ ಇಲ್ಲವಲ್ಲ" ಅಂದೆ.

ಅವರು ಬೆರಳಿಟ್ಟು ಹೇಳುತ್ತ ಹೋದರು. ಈ ಕಿಟಕಿಯ ಹಿಂದೆ ನಾನಿದ್ದೆ. ಬಾಗಿಲ ಸಂದಿಯಲ್ಲಿ ಅಮ್ಮ. ಆ ಹಲಸಿನ ಮರದ ಆಚೆ ಒಕ್ಕಲಿನವರ ಮನೆ, ಹೊಗೆ ಕಾಣ್ತದಲ್ಲ, ಅವತ್ತು ಅವರ ಮನೇಲಿ ಗಂಜಿ ತಡವಾಗಿತ್ತು. ಫೋಟೋದವನಿಗೆ ಹಾಲು ಕೊಟ್ಟವಳು ಚಿಕ್ಕಿ. ಹಸುವಿನ ಹೆಸರು ಕೌಲಿ. ನಾನು ಬರೆದುಕೊಂಡೆ. ಕಾಗದದ ಹಿಂಬದಿ ತುಂಬಿತು, ಪಕ್ಕಕ್ಕೆ ಚೀಟಿ ಅಂಟಿಸಬೇಕಾಯಿತು. ನಮ್ಮ ಪ್ರದರ್ಶನದಲ್ಲಿ ಅತಿ ಹೆಚ್ಚು ಹೆಸರುಗಳಿದ್ದದ್ದು, ಮನುಷ್ಯರೇ ಕಾಣದ ಆ ಫೋಟೋಕ್ಕೆ.

ಪ್ರದರ್ಶನವೂ ಆಯಿತು. ಮುಖ್ಯ ಅತಿಥಿಗಳು ರಿಬ್ಬನ್ ಕತ್ತರಿಸಿ, ತಮ್ಮದೇ ಒಂದು ಸೆಲ್ಫಿ ತೆಗೆದುಕೊಂಡು, ಇನ್ನೊಂದು ರಿಬ್ಬನ್ ಕಡೆಗೆ ಹೊರಟರು. ನನ್ನ ಪ್ರಸ್ತಾವನೆಯ ಫಲಕವನ್ನು ಪೆಂಡಾಲ್‌ನವರು ನೀರಿನ ಡ್ರಮ್ಮಿನ ಹಿಂದೆ ಒರಗಿಸಿದ್ದರು. ಅಲ್ಲಿ ಅದನ್ನು ಓದಿದ್ದು ಕೈತೊಳೆಯಲು ಬಂದ ಒಬ್ಬ ಹುಡುಗ, ಅವನೂ ಅಕ್ಷರದೋಷ ತೋರಿಸಿಹೋದ. ಬಂದವರೆಲ್ಲ ಇತಿಹಾಸ ನೋಡುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮ ಮನೆಯ ಮೂಗು ಹುಡುಕಿದರು. ಕೆಳಕೇರಿಯ ದೊಡ್ಡ ಮನೆಯವರು ತಮ್ಮದೊಂದೂ ಫೋಟೋ ಇಲ್ಲವೆಂದು ಸಿಟ್ಟಾಗಿ ಮನೆಗೆ ಹೋಗಿ ಗೋಡೆಯಿಂದ ಕಿತ್ತುಕೊಂಡೇ ಬಂದರು, ಹಿಂದೆ ಗುಬ್ಬಿ ಗೂಡಿನ ಸಮೇತ. ಗಿರಣಿ ಮನೆಯ ಚಿಕ್ಕಪ್ಪನವರು ಬಂದು ತಮ್ಮ ಮುಖದ ಮೇಲಿನ ಕಾಗದವನ್ನು ತಾವೇ ಉಗುರಿನಲ್ಲಿ ಕೆರೆದು ತೆಗೆದರು. ಕೇಸಿಗೆ ಇದರಿಂದ ಹೊಸ ತಿರುವು ಸಿಕ್ಕಿದೆ ಎಂದು ವಕೀಲರ ಕಡೆಯಿಂದ ಸುದ್ದಿ. ಹೆಂಗಸರು ಮಾತ್ರ ಫೋಟೋಗಿಂತ ಕೆಳಗಿನ ಚೀಟಿಗಳನ್ನು ಹೆಚ್ಚು ಓದಿದರು. ಓದಿ ತಿದ್ದಿದರು. "ಧರ್ಮಪತ್ನಿ" ಎಂದಿದ್ದ ಕಡೆಯೆಲ್ಲ ಸಂಜೆಯ ಹೊತ್ತಿಗೆ ಹೆಸರುಗಳು ಬಂದಿದ್ದವು, ಬೇರೆ ಬೇರೆ ಕೈಬರಹದಲ್ಲಿ, ಒಂದಂತೂ ಕಾಡಿಗೆಯಲ್ಲಿ.

ಫೋಟೋಗಳನ್ನು ಅವರವರ ಮನೆಗೆ ತಲುಪಿಸಿಯಾಗಿದೆ. ಊಟದ ಮೇಜು ಊಟಕ್ಕೆ ಮರಳಿದೆ. ಕೆಲವು ಮಾತ್ರ ಯಾರ ಮನೆಯವೆಂದೇ ತಿಳಿಯದೆ ನಮ್ಮಲ್ಲಿ ಉಳಿದಿವೆ. ಅದಕ್ಕಾಗಿ ಓದುಗರಲ್ಲಿ ಎರಡು ಬೇಡಿಕೆ. ನಿಮ್ಮ ಮನೆಯ ಫೋಟೋಗಳ ಹಿಂದೆ ಇವತ್ತೇ ಮೆದು ಪೆನ್ಸಿಲಿನಲ್ಲಿ ಹೆಸರು ಬರೆಯಿರಿ, ಬರೆಯುವ ಮೊದಲು ಮನೆಯ ಹಿರಿಯ ಹೆಂಗಸರನ್ನು ಕೇಳಿ. ಎರಡನೆಯದು: ಸಂತೆ ಮಾಳದಲ್ಲಿ ಎತ್ತಿನ ಜೋಡಿಯ ಪಕ್ಕ ಮಡಚಿದ ಛತ್ರಿಯನ್ನು ಬಂದೂಕು ಹಿಡಿಯುವ ಹಾಗೆ ಹೆಗಲಿಗಿಟ್ಟು ನಿಂತ, ಬಲ ಕಿವಿಯಲ್ಲಿ ಒಂಟಿ ಇರುವ, ಎರಡನೇ ಗುಂಡಿ ಇಲ್ಲದ ಕೋಟಿನ ಹಿರಿಯರೊಬ್ಬರು ನಮ್ಮ ಶೋಕೇಸಿನಲ್ಲಿದ್ದಾರೆ. ಅವರು ತಮ್ಮ ದೊಡ್ಡಪ್ಪ ಎಂದು ಅತ್ತೆ, ಅಲ್ಲವೇ ಅಲ್ಲ ಎಂದು ನನ್ನಾಕೆ ಪಟ್ಟು ಹಿಡಿದಿದ್ದಾರೆ. ನಿಮ್ಮವರಾಗಿದ್ದರೆ ದಯವಿಟ್ಟು ಬಂದು ಕರೆದುಕೊಂಡು ಹೋಗಿ. ಕೋಟನ್ನೂ ಕೊಂಡೊಯ್ಯಬಹುದು. ಕಾಫಿ ಕೊಡುತ್ತೇವೆ.